ಹದಿನೈದು ಅಕ್ಷರದ ಧೂಪದಾನಿ, ಅರವತ್ತು ವರ್ಷದ ತಪ್ಪು

ಈ ಸಲ ಕಲ್ಲು ಬಿಟ್ಟು ಮಣ್ಣಿಗೆ ಬಂದಿದ್ದೇನೆ. ಅದೂ ನಮ್ಮ ಕಡೆಯ ಮಣ್ಣಲ್ಲ, ಚೀನಾದ್ದು. ಮೆರುಗು ಹಾಕಿ ಸುಟ್ಟ ಒಂದು ದೊಡ್ಡ ಧೂಪದಾನಿ, ಅದರ ಕತ್ತಿನ ಮೇಲೆ ಹದಿನೈದು ಅಕ್ಷರ. ವೀರಗಲ್ಲು, ಮಾಸ್ತಿಗಲ್ಲು ಅಂತ ಬರೆಯುತ್ತಿದ್ದವನು ಇದನ್ನೆಲ್ಲಿಂದ ಹಿಡಿದು ತಂದ ಅಂತ ನೀವು ಕೇಳಬಹುದು. ಕಾರಣ ಇದೆ. ನಾನು ಒಂದು ವೀರಗಲ್ಲಿನ ಕಾಲವನ್ನು ಅರವತ್ತು ವರ್ಷ ತಪ್ಪಾಗಿ ಹೇಳಿದ್ದೆ. ತಪ್ಪು ಎಲ್ಲಿ ಆಯಿತು ಅನ್ನೋದು ತಿಳಿದದ್ದು ಈ ಧೂಪದಾನಿಯಿಂದ.

ಮೊದಲು ಎಂದಿನಂತೆ ವಿವರ.

ವಸ್ತು: ಮೂರು ಕಾಲಿನ ಧೂಪದಾನಿ, ಜುನ್ ಬಗೆಯದು, ತಿಳಿನೀಲಿ ಮೆರುಗು
ದೊರೆತ ಸ್ಥಳ: ಬೈಟಾ ಹಳ್ಳಿ, ಹೊಹ್‌ಹೋಟ್ ನಗರದ ಪೂರ್ವಕ್ಕೆ, ಒಳ ಮಂಗೋಲಿಯ, ಚೀನಾ
ದೊರೆತ ವರ್ಷ: 1970
ಈಗಿರುವ ಸ್ಥಳ: ಒಳ ಮಂಗೋಲಿಯ ವಸ್ತುಸಂಗ್ರಹಾಲಯ, ಹೊಹ್‌ಹೋಟ್
ಎತ್ತರ: 42.7 ಸೆಂ.ಮೀ.
ಲಿಪಿ ಮತ್ತು ಭಾಷೆ: ಚೀನೀ
ಅಕ್ಷರಗಳು: 15
ಅರಸ: ಹೆಸರಿಲ್ಲ
ಕಾಲ: "ಜಿ-ಯೊವ್ ವರ್ಷ, ಒಂಬತ್ತನೇ ತಿಂಗಳು, ಹದಿನೈದು"

ಕಾಲದ ಸಾಲಿನಲ್ಲಿ ಕ್ರಿಸ್ತಶಕ ಹಾಕಿಲ್ಲ, ಗಮನಿಸಿ. ಮರೆತದ್ದಲ್ಲ. ಪಾತ್ರೆಯ ಮೇಲೆ ಏನಿದೆಯೋ ಅಷ್ಟೇ ಬರೆದಿದ್ದೇನೆ. ಅದನ್ನು ನಮ್ಮ ಲೆಕ್ಕದ ವರ್ಷಕ್ಕೆ ತರುವ ಕೆಲಸ ಮುಂದಿದೆ.

ವೀರಗಲ್ಲಿನ ಕಥೆ

ನಾಲ್ಕು ವರ್ಷದ ಹಿಂದೆ ಹಾಸನದ ಕಡೆಯ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಪಕ್ಕ ಮಗುಚಿ ಬಿದ್ದಿದ್ದ ವೀರಗಲ್ಲನ್ನು ಓದಿದೆ. ಊರಿನ ಹೆಸರು ಇಲ್ಲಿ ಬೇಡ. ಹೊಟ್ಟೆಪಾಡಿಗೆ ನಾನು ಎಂಜಿನಿಯರ್, ಶಾಸನ ಓದೋದು ಭಾನುವಾರದ ಕೆಲಸ. ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟ ಪಕ್ಕದಲ್ಲಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಹೋಲಿಸಿ, ಒಬ್ಬನೇ ಕಲಿತದ್ದು. ಆ ಕಲ್ಲಿನಲ್ಲಿ ಅರಸನ ಹೆಸರಿದ್ದ ಜಾಗ ಒಡೆದುಹೋಗಿತ್ತು. ಶಕವರ್ಷ ಇರಲಿಲ್ಲ. "ಸೌಮ್ಯ ಸಂವತ್ಸರ" ಅನ್ನೋದು ಮಾತ್ರ ಬೆಳ್ಳಗೆ ಕಾಣುತ್ತಿತ್ತು.

ಹೊಯ್ಸಳರ ಸೀಮೆ, ಕಲ್ಲಿನ ಮೂರು ಪಟ್ಟಿಕೆಯ ಕೆತ್ತನೆಯೂ ಹಳೆಯದೇ. ಸೌಮ್ಯ ಅಂದ್ರೆ ಶಕ 1231, ಕ್ರಿ.ಶ. 1309-10, ಮುಮ್ಮಡಿ ಬಲ್ಲಾಳನ ಕಾಲ ಅಂತ ಅಲ್ಲೇ ನಿಂತು ಹೇಳಿಬಿಟ್ಟೆ. 1311ರಲ್ಲಿ ಮಲಿಕ್ ಕಾಫೂರ್ ದೋರಸಮುದ್ರದ ಮೇಲೆ ಬಂದದ್ದನ್ನೂ ಮಾತಿನ ಮಧ್ಯೆ ಸೇರಿಸಿದೆ. ಸುತ್ತ ನಿಂತವರಿಗೆ ಅಷ್ಟು ಸಾಕಾಯಿತು. ಎರಡು ತಿಂಗಳಲ್ಲಿ ಊರಿನ ಹುಡುಗರು ಹಣ ಕೂಡಿಸಿ ಕಲ್ಲನ್ನು ಎತ್ತಿ ನಿಲ್ಲಿಸಿದರು, ಸುತ್ತ ಕಟ್ಟೆ ಕಟ್ಟಿದರು, ಪಕ್ಕದಲ್ಲಿ ಹಳದಿ ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ "ಕ್ರಿ.ಶ. 1309" ಅಂತ ಬರೆಸಿದರು. ನನ್ನನ್ನೇ ಕರೆಸಿ ಶಾಲು ಹೊದಿಸಿದರು.

ಆ ಕಲ್ಲಿನ ಬಗ್ಗೆ ಇಲ್ಲಿ ಬರೆಯೋಣ ಅಂತ ಕೂತಾಗ, ಅದೇ ವರ್ಷ ಬೇರೆ ಕಡೆ ಬರೆದ ಶಾಸನಗಳು ಯಾವುವು ಇವೆ ನೋಡೋಣ ಅನ್ನಿಸಿತು. ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಈ ಧೂಪದಾನಿ. ಪುಸ್ತಕಗಳಲ್ಲಿ ಇದರ ಕಾಲವೂ 1309 ಅಂತಲೇ ಇದೆ. ಆದರೆ ಪಾತ್ರೆಯ ಮೇಲೆ 1309 ಅಂತ ಎಲ್ಲೂ ಇಲ್ಲವಲ್ಲ, ಅದು ಹೇಗೆ ಬಂತು ಅಂತ ನೋಡಲು ಹೋದೆ. ಅಲ್ಲಿಂದ ನನ್ನ ನಿದ್ದೆ ಕೆಟ್ಟಿತು.

ಪಾತ್ರೆ

ಚೀನಾದ ಹಳೆಯ ಕಂಚಿನ ಪಾತ್ರೆಗಳಲ್ಲಿ ಡಿಂಗ್ ಅಂತ ಒಂದು ಬಗೆ. ಮೂರು ಕಾಲು, ಗುಂಡು ಹೊಟ್ಟೆ, ಬಾಯಿಯ ಅಂಚಿನಿಂದ ನೆಟ್ಟಗೆ ಮೇಲೆದ್ದ ಎರಡು ಕಿವಿ. ನಮ್ಮ ಧೂಪದಾನಿ ಆ ಕಂಚಿನ ಆಕಾರವನ್ನು ಮಣ್ಣಿನಲ್ಲಿ ಮಾಡಿದ್ದು. ಕತ್ತಿನ ಸುತ್ತ ಕಿಲಿನ್ ಅನ್ನುವ ಕಾಲ್ಪನಿಕ ಪ್ರಾಣಿಯ ಉಬ್ಬುಚಿತ್ರ ಮೂರು ಅಂಟಿಸಿದ್ದಾರೆ. ಅವುಗಳಲ್ಲಿ ಎರಡರ ನಡುವೆ, ಸರಿಯಾಗಿ ಮುಂಭಾಗದಲ್ಲಿ, ಒಂದು ಚೌಕದ ಫಲಕ. ಅಕ್ಷರಗಳು ಇರೋದು ಆ ಫಲಕದ ಮೇಲೆ, ಕೊರೆದು ಬರೆದವು. ಒಳಗೆ ಬೂದಿ ತುಂಬಿ ಅದರ ಮೇಲೆ ಧೂಪ ಉರಿಸುವುದು ಇಂಥ ಪಾತ್ರೆಗಳ ಬಳಕೆ. ಅರ್ಧ ಮೀಟರಿಗೆ ಹತ್ತಿರದ ಎತ್ತರ ನೋಡಿದರೆ ಮನೆಯ ಮೇಜಿನ ಮೇಲಿಡುವುದಕ್ಕಿಂತ ಪೂಜೆಯ ಪೀಠಕ್ಕೆ ಹೊಂದುವಂಥದ್ದು.

ಮೆರುಗಿನ ಬಗ್ಗೆ ಎರಡು ಮಾತು, ಯಾಕಂದ್ರೆ ಇದು ನನ್ನೊಳಗಿನ ಎಂಜಿನಿಯರಿಗೆ ತುಂಬಾ ಹಿಡಿಸಿದ ಭಾಗ. ಜುನ್ ಪಾತ್ರೆಗಳ ಮೂಲನೆಲೆ ಹೆನಾನ್ ಪ್ರಾಂತ್ಯದ ಯುಝೌ. ಯುವಾನ್ ಕಾಲಕ್ಕೆ ಉತ್ತರದ ಹಲವು ಗೂಡುಗಳಲ್ಲಿ ಇದೇ ಬಗೆಯನ್ನು ಮಾಡುತ್ತಿದ್ದರು. ಇವುಗಳ ತಿಳಿನೀಲಿ ಯಾವುದೇ ನೀಲಿ ಬಣ್ಣ ಬೆರೆಸಿ ಬಂದದ್ದಲ್ಲ. 1200 ಡಿಗ್ರಿ ದಾಟಿದ ಗೂಡಿನಲ್ಲಿ ಮೆರುಗು ಕರಗಿ, ನಿಧಾನವಾಗಿ ಆರುವಾಗ ಅದರೊಳಗೆ ಎರಡು ಬಗೆಯ ಗಾಜು ಬೇರೆಬೇರೆಯಾಗುತ್ತವೆ, ಮಜ್ಜಿಗೆಯಲ್ಲಿ ಬೆಣ್ಣೆ ಬಿಟ್ಟುಕೊಂಡ ಹಾಗೆ. ಹಾಗೆ ಬಿಟ್ಟುಕೊಂಡ ಹನಿಗಳು ಬೆಳಕಿನ ತರಂಗಕ್ಕಿಂತಲೂ ಸಣ್ಣವು. ಅವು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಆಕಾಶ ನೀಲಿಯಾಗಿ ಕಾಣುವುದೂ ಬೆಳಕು ಹೀಗೆ ಚದುರುವುದರಿಂದಲೇ. ಕೆಲವು ಜುನ್ ಪಾತ್ರೆಗಳಲ್ಲಿ ಕಾಣುವ ನೇರಳೆ ಕಲೆ ಮಾತ್ರ ತಾಮ್ರದಿಂದ ಬಂದದ್ದು.

ಈ ಮೆರುಗು ದಪ್ಪ. ಜೇನಿನ ಹಾಗೆ ಕೆಳಕ್ಕೆ ಇಳಿದು ಅಲ್ಲಲ್ಲಿ ಗಟ್ಟಿಯಾಗಿ ನಿಂತಿರುತ್ತದೆ. ಅಕ್ಷರ ಬರೆಯುವವನಿಗೆ ಇದಕ್ಕಿಂತ ತೊಂದರೆಯ ಮೇಲ್ಮೈ ಇಲ್ಲ. ಬಳಪದ ಕಲ್ಲಿನ ಮೇಲೆ ಉಳಿ ಹಿಡಿದವನ ಸುಖ ಇವನಿಗಿಲ್ಲ. ಆದರೂ ಬರೆದಿದ್ದಾನೆ.

ಶಾಸನ ಪಾಠ

ಉಚ್ಚಾರಣೆಯನ್ನು ಹತ್ತಿರ ಹತ್ತಿರ ಕನ್ನಡದಲ್ಲಿ ಹೀಗೆ ಬರೆಯಬಹುದು:

ಜಿ-ಯೊವ್ ನ್ಯೆನ್ | ಜ್ಯೊ ಯುಎ | ಶಿ ವು | ಶ್ಯಾವ್ ಸೊಂಗ್ | ತ್ಸು ತ್ಸಾವ್ | ಶ್ಯಾಂಗ್ ಲು | ಯಿ ಗ

ಪದದಿಂದ ಪದಕ್ಕೆ: ಜಿ-ಯೊವ್ ವರ್ಷ, ಒಂಬತ್ತನೇ ತಿಂಗಳು, ಹದಿನೈದು, ಚಿಕ್ಕ ಸೊಂಗ್, ತಾನೇ ಮಾಡಿದ, ಧೂಪದಾನಿ, ಒಂದು.

ಸೊಂಗ್ ಎಂಬುದು ಮನೆತನದ ಹೆಸರು. ಮುಂದಿರುವ ಶ್ಯಾವ್ ಅಂದ್ರೆ ಚಿಕ್ಕ, ಕಿರಿಯ. ಇವತ್ತಿಗೂ ಚೀನಾದಲ್ಲಿ ಕಿರಿಯರನ್ನು ಹೀಗೇ ಕರೆಯುತ್ತಾರೆ, ನಮ್ಮಲ್ಲಿ ಚಿಕ್ಕಣ್ಣ, ಸಣ್ಣಪ್ಪ ಅನ್ನೋ ಹಾಗೆ. ಪೂರ್ತಿ ಹೆಸರಿಲ್ಲ, ತಂದೆಯ ಹೆಸರಿಲ್ಲ, ಊರಿಲ್ಲ, ಬಿರುದಿಲ್ಲ. ಗೂಡಿನ ಅಂಗಳದಲ್ಲಿ ಜೊತೆಯವರು ಅವನನ್ನು ಕೂಗುತ್ತಿದ್ದ ಹೆಸರನ್ನೇ ಬರೆದುಕೊಂಡಿದ್ದಾನೆ. ಕೊನೆಗೆ "ಒಂದು" ಅಂತ ಸೇರಿಸಿದ್ದು ನೋಡಿದರೆ ಲೆಕ್ಕದ ಪುಸ್ತಕದ ಸಾಲಿನ ಹಾಗಿದೆ.

ನನಗೆ ಇಲ್ಲಿ ಮುಖ್ಯ ಅನ್ನಿಸಿದ ಪದ "ತಾನೇ". ಕನ್ನಡ ಶಾಸನ ಓದುವವರಿಗೆ ಮಾಡಿದ ಮತ್ತು ಮಾಡಿಸಿದ ಇವೆರಡರ ವ್ಯತ್ಯಾಸ ಚೆನ್ನಾಗಿ ಗೊತ್ತು. ದೇಗುಲ ಮಾಡಿಸಿದವನು ದಂಡನಾಯಕ, ಮಾಡಿದವನು ರೂವಾರಿ. ಒಂದು "ಇಸು" ಪ್ರತ್ಯಯದಲ್ಲಿ ಹಣ ಕೊಟ್ಟವನೂ ಕೈ ಸವೆಸಿದವನೂ ಬೇರೆಯಾಗುತ್ತಾರೆ. ತ್ಸಾವ್ ಅನ್ನುವ ಚೀನೀ ಕ್ರಿಯಾಪದದಲ್ಲಿ ಅಂಥ ಪ್ರತ್ಯಯ ಸೇರುವುದಿಲ್ಲ. ಮಾಡಿದರೂ ತ್ಸಾವ್, ಮಾಡಿಸಿದರೂ ತ್ಸಾವ್ ಆಗಬಹುದು. ಆ ಅನುಮಾನಕ್ಕೆ ಎಡೆ ಕೊಡದಂತೆ "ತ್ಸು", ತಾನೇ, ಅಂತ ಮುಂದೆ ಇಟ್ಟಿದ್ದಾನೆ. ಬೇಲೂರಿನ ದಾಸೋಜ, ಹಲವು ಹೊಯ್ಸಳ ಗುಡಿಗಳಲ್ಲಿ ಹೆಸರು ಬಿಟ್ಟುಹೋದ ಮಲ್ಲಿತಮ್ಮ ಇವರನ್ನು ಓದಿದವರಿಗೆ ಈ ಧ್ವನಿ ಹೊಸದಲ್ಲ. ಆದರೆ ಕುಂಬಾರನೊಬ್ಬ ಪಾತ್ರೆಯ ಎದೆಯ ಮೇಲೆ, ಎಲ್ಲರಿಗೂ ಕಾಣುವ ಕಡೆ, ತನ್ನ ಹೆಸರಿಗಾಗಿಯೇ ಫಲಕ ಮಾಡಿಕೊಂಡದ್ದು ಅಪರೂಪ.

ಜಿ-ಯೊವ್ ಅಂದ್ರೆ ಯಾವ ವರ್ಷ?

ನಮ್ಮ ಪ್ರಭವ ವಿಭವದ ಹಾಗೆ ಚೀನೀಯರಿಗೂ ಅರವತ್ತು ವರ್ಷದ ಚಕ್ರ ಇದೆ. ಕಟ್ಟಿದ ರೀತಿ ಬೇರೆ. ನಮ್ಮಲ್ಲಿ ಅರವತ್ತು ಬಿಡಿ ಹೆಸರುಗಳು. ಅವರಲ್ಲಿ ಎರಡು ಸರಪಳಿ: ಒಂದರಲ್ಲಿ ಹತ್ತು ಹೆಸರು, ಇನ್ನೊಂದರಲ್ಲಿ ಹನ್ನೆರಡು. ಎರಡನ್ನೂ ಹಲ್ಲಿನ ಚಕ್ರಗಳ ಹಾಗೆ ಒಟ್ಟಿಗೆ ತಿರುಗಿಸುತ್ತಾರೆ. ಹತ್ತು ಮತ್ತು ಹನ್ನೆರಡರ ಲ.ಸಾ.ಅ. ಅರವತ್ತು, ಹಾಗಾಗಿ ಅರವತ್ತು ವರ್ಷಕ್ಕೊಮ್ಮೆ ಅದೇ ಜೋಡಿ ಮರಳುತ್ತದೆ.

ಜಿ ಅನ್ನೋದು ಹತ್ತರ ಸರಪಳಿಯಲ್ಲಿ 6ನೆಯದು. ಯೊವ್ ಹನ್ನೆರಡರ ಸರಪಳಿಯಲ್ಲಿ 10ನೆಯದು, ಕೋಳಿಯ ವರ್ಷ. ಹತ್ತರಿಂದ ಭಾಗಿಸಿದರೆ 6 ಉಳಿಯುವ ಸಂಖ್ಯೆಗಳು 6, 16, 26, 36, 46, 56. ಇವನ್ನು ಹನ್ನೆರಡರಿಂದ ಭಾಗಿಸಿದರೆ 10 ಉಳಿಯುವುದು 46ಕ್ಕೆ ಮಾತ್ರ. ಅಲ್ಲಿಗೆ ಜಿ-ಯೊವ್ ಚಕ್ರದ 46ನೇ ವರ್ಷ.

ಕ್ರಿ.ಶ. ವರ್ಷದಿಂದ 3 ಕಳೆದು 60ರಿಂದ ಭಾಗಿಸಿ, ಶೇಷವೇ ಚೀನೀ ಚಕ್ರದ ಸಂಖ್ಯೆ. 1309 ಹಾಕಿ ನೋಡಿ: 1306, ಶೇಷ 46. ಸರಿಹೋಯಿತು. ಈಗ ನಮ್ಮದು: ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶಕ 1231ಕ್ಕೆ 1243, ಶೇಷ 43. ಪ್ರಭವದಿಂದ ಎಣಿಸಿದರೆ 43ನೆಯದು ಸೌಮ್ಯ. ಅವರ 46, ನಮ್ಮ 43. ಈಗ ನಾವು ಬಳಸುವ ದಕ್ಷಿಣದ ಪದ್ಧತಿಯಲ್ಲಿ ಈ ಮೂರರ ಅಂತರ ಯಾವಾಗಲೂ ಹಾಗೇ ಇರುತ್ತದೆ. ಅವರ ಹೊಸ ವರ್ಷಕ್ಕೂ ನಮ್ಮ ಯುಗಾದಿಗೂ ನಡುವಿನ ದಿನಗಳನ್ನು ಬಿಟ್ಟರೆ ಅವರ ಜಿ-ಯೊವ್ ನಮ್ಮ ಸೌಮ್ಯ. 1969ರಲ್ಲಿ ಎರಡೂ ಬಂದಿದ್ದವು, 2029ರಲ್ಲಿ ಮತ್ತೆ ಬರುತ್ತವೆ.

ನನ್ನ ವೀರಗಲ್ಲೂ ಚಿಕ್ಕ ಸೊಂಗನ ಧೂಪದಾನಿಯೂ ಒಂದೇ ವರ್ಷದವು ಅಂತ ಖುಷಿಪಟ್ಟ ನನಗೆ ಆಮೇಲೆ ಹೊಳೆದದ್ದು ಇದು. 1309ಕ್ಕೆ ಶೇಷ 46 ಬರುತ್ತದೆ, ನಿಜ. 1189ಕ್ಕೂ ಬರುತ್ತದೆ. 1249ಕ್ಕೂ, 1369ಕ್ಕೂ ಬರುತ್ತದೆ. ಲೆಕ್ಕ ಸರಿಹೋಗುವುದು ಅರವತ್ತು ವರ್ಷಕ್ಕೊಮ್ಮೆ ತಪ್ಪದೆ ಸರಿಹೋಗುತ್ತದೆ. ಅದರಿಂದ ಯಾವುದೂ ಸಾಬೀತಾಗುವುದಿಲ್ಲ.

ನಾಲ್ಕು ವರ್ಷ, ನಾಲ್ಕು ಪ್ರಭುತ್ವ

ಚೀನೀ ಶಾಸನದಲ್ಲಿ ಸಾಮಾನ್ಯವಾಗಿ ಆಳ್ವಿಕೆಯ ಹೆಸರು ಇರುತ್ತದೆ. ಪಟ್ಟಕ್ಕೆ ಬಂದ ಅರಸ ತನ್ನ ಆಳ್ವಿಕೆಗೆ ಒಂದು ಹೆಸರಿಟ್ಟು ವರ್ಷ ಎಣಿಸುತ್ತಾನೆ. ಅದಿದ್ದರೆ ಗೊಂದಲವೇ ಇಲ್ಲ. ಚಿಕ್ಕ ಸೊಂಗ್ ಅದನ್ನು ಬರೆಯಲಿಲ್ಲ. ಹಾಗಾದರೆ ಆ ನಾಲ್ಕು ಜಿ-ಯೊವ್‌ಗಳಲ್ಲಿ ಉತ್ತರ ಚೀನಾ ಯಾರ ಕೈಯಲ್ಲಿತ್ತು?

1189ರಲ್ಲಿ ಜುರ್ಚೆನ್ ಜನರ ಜಿನ್ ಪ್ರಭುತ್ವ, ದಾದಿಂಗ್ ಆಳ್ವಿಕೆಯ 29ನೇ ವರ್ಷ. 1234ರಲ್ಲಿ ಮಂಗೋಲರು ಜಿನ್ ಪ್ರಭುತ್ವವನ್ನು ಮುಗಿಸಿದರು. 1249ರಲ್ಲಿ ಮಂಗೋಲ ಸಿಂಹಾಸನವೇ ಖಾಲಿ. ಹಿಂದಿನ ವರ್ಷ ಗುಯುಕ್ ಖಾನ್ ತೀರಿಕೊಂಡಿದ್ದ, ಅವನ ಹೆಂಡತಿ ಒಘುಲ್ ಖೈಮಿಶ್ ರಾಜಪ್ರತಿನಿಧಿಯಾಗಿ ನೋಡಿಕೊಳ್ಳುತ್ತಿದ್ದಳು. 1309ರಲ್ಲಿ ಯುವಾನ್ ಪ್ರಭುತ್ವ, ಝಿದಾ ಆಳ್ವಿಕೆಯ 2ನೇ ವರ್ಷ. 1369ರಲ್ಲಿ ಮಂಗೋಲರು ರಾಜಧಾನಿ ಬಿಟ್ಟು ಹೋಗಿ ಒಂದು ವರ್ಷ, ಮಿಂಗ್ ಪ್ರಭುತ್ವದ ಹೊಂಗ್‌ವು ಆಳ್ವಿಕೆಯ 2ನೇ ವರ್ಷ.

ಈಗ ಒಂದು ಪೇಚು ನೋಡಿ. ಮಂಗೋಲರು ಚೀನೀ ಪದ್ಧತಿಯ ಆಳ್ವಿಕೆಯ ಹೆಸರನ್ನು ಮೊದಲು ಬಳಸಿದ್ದು ಕುಬ್ಲಾಯ್ ಖಾನನ ಕಾಲದಲ್ಲಿ, 1260ರಲ್ಲಿ. ಅಂದರೆ 1249ರಲ್ಲಿ ಉತ್ತರದ ಕುಂಬಾರನಿಗೆ ಬರೆಯೋಣ ಅಂದರೂ ಬರೆಯಲು ಹೆಸರಿರಲಿಲ್ಲ. ಬರಿಯ ಚಕ್ರದ ವರ್ಷ ಬರೆಯುವುದೇ ಸಹಜ. ಶಾಸನದಲ್ಲಿ ಅರಸನ ಹೆಸರಿಲ್ಲ ಅನ್ನುವ ಒಂದೇ ಸಂಗತಿ ಹಿಡಿದರೆ ತಕ್ಕಡಿ 1249ರ ಕಡೆ ವಾಲುತ್ತದೆ. ಅಕ್ಷರ ಮಾತ್ರ ನೋಡುವವನು ಅಲ್ಲೇ ನಿಲ್ಲುತ್ತಾನೆ.

1309ರ ಕಡೆಗೆ ಎಳೆಯುವುದು ಅಕ್ಷರಗಳ ಹೊರಗಿನ ಸಾಕ್ಷ್ಯ. ಬೈಟಾ ಹಳ್ಳಿ ಇರುವುದು ಫೆಂಗ್‌ಝೌ ಅನ್ನುವ ಹಳೆಯ ನಗರದ ಜಾಗದಲ್ಲಿ. ಧೂಪದಾನಿ ಸಿಕ್ಕಿದ್ದು ಅಲ್ಲಿ ಹೂತಿಟ್ಟಿದ್ದ ನಿಧಿಯಲ್ಲಿ, ಬೇರೆ ಪಾತ್ರೆಗಳ ಜೊತೆ. ಅವುಗಳಲ್ಲಿ ದಕ್ಷಿಣದ ಝೆಜಿಯಾಂಗ್‌ನ ಲುಂಗ್‌ಚುವಾನ್ ಗೂಡುಗಳ ಹಸಿರು ಪಾತ್ರೆಗಳೂ ಇದ್ದವು. ದಕ್ಷಿಣದ ಸೊಂಗ್ ರಾಜ್ಯ ಪೂರ್ತಿಯಾಗಿ ಮಂಗೋಲರ ಕೈಗೆ ಬಂದದ್ದು 1279ರಲ್ಲಿ. ಅದಾದ ಮೇಲೆ ದೇಶ ಒಂದಾಗಿ, ದಕ್ಷಿಣದ ಸರಕು ಗೋಬಿಯ ಅಂಚಿನವರೆಗೆ ಸಲೀಸಾಗಿ ಬರುವಂತಾಯಿತು. ಜೊತೆಗೆ ಪಾತ್ರೆಯ ರೂಪ: ದೊಡ್ಡ ಗಾತ್ರ, ಅಂಟಿಸಿದ ಉಬ್ಬುಚಿತ್ರಗಳು, ದಪ್ಪನೆಯ ಮೈ, ಇವು ಯುವಾನ್ ಕಾಲದ ಜುನ್ ಲಕ್ಷಣ. ಇವೆರಡನ್ನೂ ಕೂಡಿಸಿಯೇ 1309 ಅನ್ನುವುದು ಒಪ್ಪಿತವಾದ ಕಾಲ.

ಆದರೆ ನಿಧಿಯ ಸಾಕ್ಷ್ಯಕ್ಕೂ ಒಂದು ಮಿತಿ ಇದೆ. ನಿಧಿ ಹೇಳುವುದು ಹೂತ ಕಾಲವನ್ನು. ನಮ್ಮ ಮನೆಯ ಅಟ್ಟದಲ್ಲಿ ಅಜ್ಜಿಯ ಹಿತ್ತಾಳೆ ಕೊಳಗವೂ ಹೋದ ವರ್ಷದ ಪ್ಲಾಸ್ಟಿಕ್ ಡಬ್ಬವೂ ಒಟ್ಟಿಗೇ ಇವೆ. ಹಾಗಾಗಿ ಹೆಚ್ಚು ತೂಕದ್ದು ರೂಪದ ಸಾಕ್ಷ್ಯ. ನಿಧಿಯದು ಅದಕ್ಕೆ ಬೆಂಬಲ. ಶಾಸನ ಸಾಧ್ಯವಿರುವ ವರ್ಷಗಳನ್ನು ಕೈಬೆರಳಿನಷ್ಟಕ್ಕೆ ಇಳಿಸಿತು, ಅದರ ಕೆಲಸ ಅಲ್ಲಿಗೆ ಮುಗಿಯಿತು.

ಇನ್ನೊಂದು ಸಣ್ಣ ವಿವರ ಇದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಚೀನೀಯರು ದಿನಗಳಿಗೂ ಇದೇ ಅರವತ್ತರ ಹೆಸರು ಇಟ್ಟು ಎಣಿಸುತ್ತಾರೆ. ಹದಿನೈದನೇ ದಿನ ಅಂದ್ರೆ ಹುಣ್ಣಿಮೆ, ಅದು ಯಾವ ವರ್ಷದಲ್ಲೂ ಬರುತ್ತದೆ. ಆದರೆ ಆ ಹುಣ್ಣಿಮೆಯ ದಿನದ ಹೆಸರು 1249ರಲ್ಲಿ ಒಂದು, 1309ರಲ್ಲಿ ಇನ್ನೊಂದು ಆಗಿರುತ್ತಿತ್ತು. ನಮ್ಮ ಶಾಸನಗಳಲ್ಲಿ ತಿಥಿಯ ಜೊತೆ ವಾರ ಬರೆದಿರುವುದರಿಂದ ಆಗುವ ಉಪಕಾರ ಇದೇ. ತಿಥಿ ಒಂದೇ ಇದ್ದರೂ ವಾರ ಸಾಮಾನ್ಯವಾಗಿ ಹೊಂದುವುದಿಲ್ಲ. ಚಿಕ್ಕ ಸೊಂಗ್ ಎರಡೇ ಅಕ್ಷರ ಹೆಚ್ಚು ಕೊರೆದಿದ್ದರೆ ಸಾಕಿತ್ತು.

ಅದೇ ಫೆಂಗ್‌ಝೌ ಜಾಗದಲ್ಲಿ ಲಿಯಾವ್ ಕಾಲದ ಬಿಳಿ ಪಗೋಡ ಒಂದು ನಿಂತಿದೆ, ಎಂಟು ಮೂಲೆ, ಏಳು ಅಂತಸ್ತು. ಹಳ್ಳಿಗೆ ಬೈಟಾ, ಬಿಳಿ ಗೋಪುರ, ಅನ್ನುವ ಹೆಸರು ಬಂದದ್ದೇ ಅದರಿಂದ. ಅದರ ಒಳಗೋಡೆಗಳ ಮೇಲೆ ಬಂದುಹೋದ ಪ್ರಯಾಣಿಕರು ಮಸಿಯಲ್ಲಿ ಬರೆದ ಬರಹಗಳಿವೆ, ಚೀನೀ ಮಾತ್ರವಲ್ಲ, ಖಿತಾನ್, ಜುರ್ಚೆನ್, ಮಂಗೋಲ್, ಸಿರಿಯಕ್‌ನಲ್ಲೂ. ದಾರಿಹೋಕರೂ ಹೆಸರು ಬಿಟ್ಟುಹೋಗುತ್ತಿದ್ದ ಊರು ಅದು.

ಕಾಲ ಇದೆ, ಪಾತ್ರೆ ಇಲ್ಲ

ಇದಕ್ಕೆ ಪೂರ್ತಿ ತಿರುವುಮುರುವಾದ ಇನ್ನೊಂದು ಧೂಪದಾನಿ ಇದೆ. ಇದೆ ಅನ್ನುವುದಕ್ಕಿಂತ ಇತ್ತು ಅನ್ನಬೇಕು.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಡೇವಿಡ್ ಹೂದಾನಿಗಳು ಅಂತ ಹೆಸರಾದ ಒಂದು ಜೋಡಿ ಇದೆ. 63 ಸೆಂ.ಮೀ.ಗೂ ಹೆಚ್ಚು ಎತ್ತರದ, ಆನೆತಲೆಯ ಹಿಡಿಗಳಿರುವ, ಬಿಳಿಯ ಮೇಲೆ ನೀಲಿ ಡ್ರ್ಯಾಗನ್ ಬರೆದ ಪಿಂಗಾಣಿ. ಇವನ್ನು ಬೇರೆ ಬೇರೆ ಕಡೆಯಿಂದ ಕೊಂಡು ಮತ್ತೆ ಜೊತೆಗೂಡಿಸಿದ ಪರ್ಸಿವಲ್ ಡೇವಿಡ್ 1892ರಲ್ಲಿ ಮುಂಬಯಿಯಲ್ಲಿ ಹುಟ್ಟಿದವರು. ಹೂದಾನಿಗಳ ಕತ್ತಿನ ಮೇಲೆ, ಬಾಳೆಯೆಲೆಯ ಚಿತ್ರಗಳ ನಡುವೆ, ಅರವತ್ತಕ್ಕೂ ಮಿಕ್ಕಿದ ಅಕ್ಷರಗಳ ದಾನಶಾಸನ ಇದೆ.

ಓದಿದರೆ ನಮ್ಮ ದಾನಶಾಸನದ ಚೌಕಟ್ಟೇ ಕಾಣುತ್ತದೆ. ಮೊದಲು ದಾನಿಯ ವಿಳಾಸ, ದೊಡ್ಡ ಘಟಕದಿಂದ ಸಣ್ಣದಕ್ಕೆ: ಶಿನ್‌ಝೌ ಪ್ರಾಂತ, ಯುಶಾನ್ ಸೀಮೆ, ಹೋಬಳಿ, ಕೇರಿ, ಹಳ್ಳಿ. ನಾವು ನಾಡು, ಕಂಪಣ, ಗ್ರಾಮ ಅಂತ ಓದುವ ಹಾಗೆ. ಆಮೇಲೆ ದಾನಿ, ಜಾಂಗ್ ವೆನ್‌ಜಿನ್. ಕೊಟ್ಟದ್ದು "ಧೂಪದಾನಿ ಮತ್ತು ಹೂದಾನಿ, ಒಂದು ಜೊತೆ". ಬೇಡಿಕೆ, ಮನೆಮಂದಿಗೆಲ್ಲ ಶುಭವಾಗಲಿ, ಮಕ್ಕಳು ಕ್ಷೇಮವಾಗಿರಲಿ. ಸ್ವೀಕರಿಸಿದವನು ಶಿಂಗ್‌ಯುವಾನ್ ಊರಿನ ಗುಡಿಯಲ್ಲಿ ದೇವರಾಗಿ ಪೂಜೆಗೊಳ್ಳುತ್ತಿದ್ದ ಸೇನಾಪತಿ ಹು ಜಿಂಗ್‌ಯಿ. ಕಾಲ, ಝಿಝೆಂಗ್ ಆಳ್ವಿಕೆಯ 11ನೇ ವರ್ಷ, ನಾಲ್ಕನೇ ತಿಂಗಳು. ಅಂದರೆ 1351ರ ವಸಂತದ ಕೊನೆ. ಲೆಕ್ಕದಲ್ಲಿ ಎರಡನೇ ಮಾತಿಲ್ಲ.

ಅಕ್ಷರಗಳನ್ನು ಬರೆದಿರುವುದು ಡ್ರ್ಯಾಗನ್ ಬರೆದ ಅದೇ ಕೋಬಾಲ್ಟ್ ನೀಲಿಯಲ್ಲಿ, ಮೆರುಗಿನ ಅಡಿಯಲ್ಲಿ. ಮೆರುಗು ಹಾಕಿ ಸುಟ್ಟ ಮೇಲೆ ಅದರ ಕೆಳಗೆ ಯಾರೂ ಅಕ್ಷರ ಸೇರಿಸಲಾರರು. ಆದ್ದರಿಂದ ಶಾಸನದ ಕಾಲವೇ ಪಾತ್ರೆಯ ಕಾಲ. 1929ರಲ್ಲಿ ಆರ್.ಎಲ್. ಹಾಬ್ಸನ್ ಈ ಶಾಸನದ ಬಗ್ಗೆ ಬರೆದಾಗ, ಇಂಥ ಪಕ್ವವಾದ ನೀಲಿ-ಬಿಳಿ ಕೆಲಸ ಮಿಂಗ್‌ಗಿಂತ ಮೊದಲೇ ಇತ್ತು ಅನ್ನುವುದೇ ಹೊಸ ಮಾತಾಗಿತ್ತು. 1950ರ ದಶಕದಲ್ಲಿ ಜಾನ್ ಅಲೆಕ್ಸಾಂಡರ್ ಪೋಪ್ ಈ ಜೋಡಿಯನ್ನು ಅಳತೆಗೋಲು ಮಾಡಿಕೊಂಡು ಇಸ್ತಾಂಬುಲಿನ ತೋಪ್‌ಕಾಪಿ ಅರಮನೆಯ, ಇರಾನಿನ ಅರ್ದಬಿಲ್ ಗುಡಿಯ ಸಂಗ್ರಹಗಳಲ್ಲಿದ್ದ ಹದಿನಾಲ್ಕನೇ ಶತಮಾನದ ಪಾತ್ರೆಗಳನ್ನು ಗುರುತಿಸಿದರು.

ಆದರೆ ಜೊತೆಯಲ್ಲಿದ್ದ ಧೂಪದಾನಿ? ಅದು ಸಿಕ್ಕಿಲ್ಲ. ಶಾಸನದಲ್ಲಿ ಮೊದಲು ಹೆಸರಿಸಿದ್ದೇ ಅದನ್ನು. ನಡುವೆ ಧೂಪದಾನಿ, ಎರಡು ಪಕ್ಕ ಹೂದಾನಿ, ಇದು ಪೂಜಾಪೀಠದ ಕ್ರಮ. ನಡುವಿನದು ಹೋಗಿ ಪಕ್ಕದವು ಉಳಿದಿವೆ. ಜಾಂಗ್ ವೆನ್‌ಜಿನ್ ಮಕ್ಕಳ ಕ್ಷೇಮ ಬೇಡಿದ ಅದೇ ವಸಂತದಲ್ಲಿ ಹಳದಿ ನದಿಯ ಪಾತ್ರ ತಿರುಗಿಸಲು ಒಂದೂವರೆ ಲಕ್ಷ ಜನರನ್ನು ಬಿಟ್ಟಿ ಕೆಲಸಕ್ಕೆ ಎಳೆದರು. ಅದರ ಬೆನ್ನಿಗೇ ಕೆಂಪು ರುಮಾಲಿನವರ ದಂಗೆ ಎದ್ದಿತು. ಹದಿನೇಳು ವರ್ಷದಲ್ಲಿ ಯುವಾನ್ ಪ್ರಭುತ್ವವೇ ಹೋಯಿತು.

ಅರಸನ ಹೆಸರಿದ್ದರೆ ಸಾಕೇ?

ಹಾಗಾದರೆ ಆಳ್ವಿಕೆಯ ಹೆಸರು ಇದ್ದುಬಿಟ್ಟರೆ ಕಣ್ಣು ಮುಚ್ಚಿ ನಂಬಬಹುದಾ? ಅದೂ ಇಲ್ಲ. ಹಳೆಯ ಚೀನೀ ಧೂಪದಾನಿಗಳ ತಳದಲ್ಲಿ ಮತ್ತೆ ಮತ್ತೆ ಸಿಗುವ ಆರು ಅಕ್ಷರದ ಮುದ್ರೆ ಒಂದಿದೆ: "ದಾ ಮಿಂಗ್ ಶುವಾನ್‌ದೆ ನ್ಯೆನ್ ಝಿ". ಮಹಾ ಮಿಂಗ್ ಪ್ರಭುತ್ವದ ಶುವಾನ್‌ದೆ ಆಳ್ವಿಕೆಯಲ್ಲಿ ಮಾಡಿದ್ದು ಅಂತ ಅರ್ಥ. ಆ ಆಳ್ವಿಕೆ ನಡೆದದ್ದು 1426ರಿಂದ 1435ರವರೆಗೆ, ಹತ್ತೇ ವರ್ಷ. ಮುದ್ರೆ ಮಾತ್ರ ಮುಂದಿನ ಶತಮಾನಗಳಲ್ಲೂ ನಿಲ್ಲಲಿಲ್ಲ. ಕಂಚಿನ ಧೂಪದಾನಿಗಳ ಮೇಲಂತೂ ಲೆಕ್ಕವಿಲ್ಲದಷ್ಟು, ಪಿಂಗಾಣಿಯ ಮೇಲೂ ಇದೆ. ಎಲ್ಲವೂ ಮೋಸಕ್ಕೆ ಅಂತಲ್ಲ. ಆ ಕಾಲದ ಕೆಲಸದ ಮೇಲಿನ ಗೌರವದಿಂದ ಹಾಕಿದವೂ ಇವೆ. ಫ್ಲೀಟ್ ಅವರು ಗಂಗರ ತಾಮ್ರಪಟಗಳಲ್ಲಿ ಎಷ್ಟನ್ನು ಕೂಟಶಾಸನ ಅಂತ ಬದಿಗಿಟ್ಟರು ಅನ್ನೋದನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಕಾಲ ಎಷ್ಟು ಸ್ಪಷ್ಟವಾಗಿದೆ ಅನ್ನೋದು ಒಂದು ಪ್ರಶ್ನೆ, ಎಷ್ಟು ನಿಜ ಅನ್ನೋದು ಬೇರೆಯೇ ಪ್ರಶ್ನೆ.

ಮತ್ತೆ ಕೆರೆ ಏರಿಗೆ

ಚಿಕ್ಕ ಸೊಂಗನ ಶಾಸನವನ್ನು ಇಷ್ಟು ದೂರ ಹಿಂಬಾಲಿಸಿದ ಮೇಲೆ ನನ್ನ ವೀರಗಲ್ಲಿಗೆ ನಾನು ಯಾವ ಪರೀಕ್ಷೆ ಮಾಡಿದ್ದೆ ಅಂತ ಕೇಳಿಕೊಂಡೆ. ಯಾವುದೂ ಇಲ್ಲ. ಹೊಯ್ಸಳರ ಸೀಮೆ ಅಂದೆ, ಸೌಮ್ಯ ಅಂದೆ, ಮನಸ್ಸಿಗೆ ಹಿಡಿಸಿದ ವರ್ಷವನ್ನು ಆರಿಸಿದೆ.

ಬೇಸಿಗೆಯಲ್ಲಿ ಮತ್ತೆ ಹೋದೆ. ಕಲ್ಲನ್ನು ತೊಳೆದು, ಕಾಗದ ಹೊಡೆದು, ಹೊಸದಾಗಿ ಪಡಿಯಚ್ಚು ತೆಗೆದೆ. ಮೊದಲ ಸಲ ಸವೆದಿದೆ ಅಂತ ಬಿಟ್ಟಿದ್ದ ಎರಡನೇ ಸಾಲಿನಲ್ಲಿ ತಿಥಿ, ಅದರ ಮುಂದೆ ವಾರ, ಮಸಿಯಲ್ಲಿ ತೆಳ್ಳಗೆ ಎದ್ದು ಬಂದವು. ರಾತ್ರಿ ಕೂತು ಲೆಕ್ಕ ಹಾಕಿದೆ. 1309ಕ್ಕೆ ವಾರ ಹೊಂದಲಿಲ್ಲ. 1369ಕ್ಕೆ ಹೊಂದಿತು. ಹೊಯ್ಸಳರು ಹೋಗಿ, ವಿಜಯನಗರದ ಮೊದಲನೇ ಬುಕ್ಕರಾಯ ಆಳುತ್ತಿದ್ದ ಕಾಲ. ಅಕ್ಷರದ ತಿರುವುಗಳನ್ನು ಆ ಕಣ್ಣಿನಿಂದ ನೋಡಿದಾಗ ಅವೂ ಅದನ್ನೇ ಹೇಳುತ್ತಿದ್ದವು. ಮೊದಲೂ ಹೇಳಿದ್ದವು, ನಾನು ಕೇಳಿರಲಿಲ್ಲ.

ಊರಿನವರಿಗೆ ಹೇಳೋದು ಲೆಕ್ಕಕ್ಕಿಂತ ಕಷ್ಟವಾಯಿತು. ಮಲಿಕ್ ಕಾಫೂರನ ಕಥೆ ಅಷ್ಟರಲ್ಲಿ ಶಾಲೆಯ ವಾರ್ಷಿಕೋತ್ಸವದ ನಾಟಕವಾಗಿತ್ತು. ಬೋರ್ಡಿಗೆ ಹಣ ಕೊಟ್ಟ ಹುಡುಗನೊಬ್ಬ ಮಾತೇ ಆಡಲಿಲ್ಲ. ಒಬ್ಬ ಹಿರಿಯರು ಮಾತ್ರ, "ಸತ್ತವನ ಹೆಸರು ಸರಿ ಇದೆಯಲ್ಲ?" ಅಂತ ಕೇಳಿದರು. ಇದೆ ಅಂದೆ. "ಹಾಗಿದ್ರೆ ವರ್ಷ ಅಳಿಸಿ ಬರೆಸಿ" ಅಂದರು.

ಬೋರ್ಡಿನ ಪಾಠವನ್ನು ನಾನೇ ಬರೆದುಕೊಟ್ಟೆ, ಬಣ್ಣದ ಖರ್ಚೂ ನನ್ನದೇ. ಈಗ ಅದರಲ್ಲಿ ಮೊದಲ ಸಾಲು ಕಲ್ಲಿನಲ್ಲಿರುವಂತೆ, "ಸೌಮ್ಯ ಸಂವತ್ಸರ" ಅಂತ ಇದೆ. ಅದರ ಕೆಳಗೆ ಸಣ್ಣದಾಗಿ, "ತಿಥಿ, ವಾರದ ಲೆಕ್ಕದಂತೆ ಕ್ರಿ.ಶ. 1369-70" ಅಂತ. ಇನ್ನು ಮುಂದೆ ಇಲ್ಲಿ ಹಾಕುವ ವಿವರಗಳಲ್ಲೂ ಇದೇ ಕ್ರಮ. ಶಾಸನ ಏನು ಹೇಳುತ್ತದೆ ಅನ್ನೋದು ಒಂದು ಸಾಲು, ನಾನು ಏನು ಲೆಕ್ಕ ಹಾಕಿದೆ ಅನ್ನೋದು ಇನ್ನೊಂದು ಸಾಲು. ಹಳೆಯ ಬರಹಗಳಲ್ಲಿ ಬರಿಯ ಸಂವತ್ಸರ ನೋಡಿ ನಾನು ವರ್ಷ ಹೇಳಿದ್ದು ಇನ್ನೂ ಮೂರು ಕಡೆ ಇದೆ. ಅವನ್ನೂ ಒಂದೊಂದಾಗಿ ಮತ್ತೆ ನೋಡುತ್ತಿದ್ದೇನೆ. ನಿಮ್ಮ ಊರಿನ ಕಲ್ಲಿನಲ್ಲಿ ತಿಥಿಯ ಮುಂದೆ ವಾರ ಕಾಣುತ್ತಿದ್ದರೆ ದಯವಿಟ್ಟು ಬೆಳಗಿನ ಓರೆ ಬಿಸಿಲಿನಲ್ಲಿ ಒಂದು ಫೋಟೋ ತೆಗೆದಿಡಿ.

ಧೂಪದಾನಿಯ ಕಾಲದ ಸಾಲು ಬಾಕಿ ಉಳಿದಿತ್ತು. ಅದು ಹೀಗೆ: ಶಾಸನದಲ್ಲಿ ಜಿ-ಯೊವ್ ವರ್ಷ. ಪಾತ್ರೆಯ ರೂಪ ಮತ್ತು ಜೊತೆಗೆ ಸಿಕ್ಕ ವಸ್ತುಗಳ ಆಧಾರದಿಂದ ಕ್ರಿ.ಶ. 1309.